ಸಿಂಹಕ್ಕೆ ಎತ್ತಿಕೊಂಡ ರಾಗ

ವಿಜಯನಗರ ಎರಡನೇ ಹಂತ, ಮೈಸೂರು
ಗುರುವಾರ, ೧೭ ಜುಲೈ ೨೦೨೫

ನನ್ನ ಪುಟ್ಟಿ ರಂಜನಿಗೆ,

ಕೋರ್ಟಿನಲ್ಲಿ ನೀನು ಒಳಗೆ ಬಂದರೆ ಎಲ್ಲರೂ ಎದ್ದು ನಿಲ್ಲುತ್ತಾರಂತೆ. ನಾನು ಮಂಡಿನೋವಿನವಳು, ಕೂತಲ್ಲಿಂದಲೇ ಆಶೀರ್ವಾದ ಮಾಡುತ್ತಿದ್ದೇನೆ, ತೆಗೆದುಕೋ.

ಗಾಬರಿಯಾಗಬೇಡ. ಈ ಪತ್ರವನ್ನು ಈವತ್ತು ಬರೆದರೂ ಮಂಗಳವಾರ ಕಳೆಯುವವರೆಗೆ ಅಂಚೆಗೆ ಹಾಕುವುದಿಲ್ಲ. ಆ ಮನುಷ್ಯ ತಪ್ಪಿತಸ್ಥ ಎಂದು ನೀನು ಹೇಳಿಯಾಗಿದೆ, ಶಿಕ್ಷೆ ಏನೆಂದು ಹೇಳುವುದು ಮಂಗಳವಾರ ಎಂದು ಪೇಪರಿನಲ್ಲಿ ಓದಿದೆ. ಆಸ್ತಿಯ ಆಸೆಗೆ ಸ್ವಂತ ತಂಗಿಯ ಇಬ್ಬರು ಮಕ್ಕಳನ್ನು ಕೊಂದವನು. ಸರ್ಕಾರಿ ವಕೀಲರು ಗಲ್ಲು ಕೇಳಿದ್ದಾರೆ ಎಂದೂ ಬರೆದಿತ್ತು. ಹೋದ ವಾರ ಫೋನಿನಲ್ಲಿ ನೀನು, "ಅಮ್ಮಾ, ಈ ಕೇಸಿನ ವಿಷಯ ಒಂದಕ್ಷರ ಎತ್ತಬೇಡ, ಊಟ ಆಯ್ತಾ ಅಂತ ಮಾತ್ರ ಕೇಳು" ಅಂದೆ. ಸರಿ, ಅವತ್ತಿನಿಂದ ಊಟ ಆಯಿತಾ ಎಂದೇ ಕೇಳುತ್ತಿದ್ದೇನೆ. ನೀನೂ ಆಯಿತು ಎಂದೇ ಸುಳ್ಳು ಹೇಳುತ್ತಿದ್ದೀ. ನಿನ್ನ ಗಂಡ ಸುಪ್ರೀತ್ ಇಲ್ಲಿಗೆ ಫೋನ್ ಮಾಡಿ ಎಲ್ಲ ಹೇಳಿದರು. ತಟ್ಟೆಯ ಮುಂದೆ ಕೂತವಳು ಹಾಗೇ ಎದ್ದುಹೋಗುತ್ತೀಯಂತೆ. ಅಳಿಯಂದಿರ ಮೇಲೆ ರೇಗಬೇಡ. ಜಡ್ಜಿನ ಮನೆಯಲ್ಲೂ ಒಬ್ಬ ಸಾಕ್ಷಿ ಬೇಕಲ್ಲ.

ಕೇಸಿನ ಮಾತು ಬೇಡ ಅಂದೆ, ಎತ್ತುವುದಿಲ್ಲ. ಆದರೆ ಈ ಒಂದು ತಿಂಗಳಿಂದ ನಾನು ಏನು ಓದುತ್ತಿದ್ದೇನೆ ಎಂದು ಹೇಳಬೇಡ ಅಂತ ನೀನು ಹೇಳಿಲ್ಲ.

ಎದುರು ಮನೆಯ ದಯಾವತಿ ಟೀಚರ್ ಗೊತ್ತಲ್ಲ, ಕ್ರಿಸ್‌ಮಸ್ಸಿಗೆ ನಿನಗೆ ಕಲ್‌ಕಲ್ ಸಿಹಿತಿಂಡಿ ಡಬ್ಬಿ ತುಂಬಿ ಕಳಿಸುತ್ತಿದ್ದವರು. ಅವರಿಗೆ ಈಗ ಕಣ್ಣು ಪೂರ್ತಿ ಹೋಗಿದೆ. ಬೆಳಕು, ನೆರಳು ಇಷ್ಟೇ ತಿಳಿಯುತ್ತದೆ. ಮೊಬೈಲಿನಲ್ಲಿ ಬೈಬಲ್ಲು ಓದಿ ಹೇಳುವ ಯಂತ್ರ ಇದೆಯಂತೆ, ಅದನ್ನು ಹಾಕಿಕೊಟ್ಟರೆ, "ರೈಲ್ವೆ ಸ್ಟೇಷನ್ನಲ್ಲಿ ಗಾಡಿ ಬರ್ತಾ ಇದೆ ಅಂದ ಹಾಗಿದೆ ಕಣಮ್ಮ, ದೇವರು ಬರ್ತಾ ಇದಾನೆ ಅಂತ ಅನ್ನಿಸೋದೇ ಇಲ್ಲ" ಅಂತ ಗೊಣಗಿದರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ರಮಾ, ಊರಿಗೆಲ್ಲ ಕಾವ್ಯ ಓದಿ ಹೇಳಿದೀಯ, ನನಗೆ ನಮ್ಮ ಗ್ರಂಥದ ಕೊನೇ ಭಾಗ ಓದು. ನನ್ನದೂ ಕೊನೇ ಭಾಗವೇ ಅಲ್ವಾ" ಅಂತ ನಕ್ಕರು. ನಿನಗೆ ಗೊತ್ತಲ್ಲ, ಓದು ಎಂದು ಯಾರಾದರೂ ಕರೆದರೆ ನಿನ್ನಮ್ಮನಿಗೆ ಮಂಡಿನೋವೂ ನೆನಪಿರುವುದಿಲ್ಲ. ದಿನಾ ಮಧ್ಯಾಹ್ನ ಬಿಸಿಲು ಇಳಿಯುವ ಹೊತ್ತಿಗೆ ಅವರ ಮನೆಯಲ್ಲಿ ನನ್ನ ವಾಚನ. ಕೇಳುವವರು ಇಬ್ಬರು. ಟೀಚರ್ ಒಬ್ಬರು, ಅವರ ಅಡುಗೆ ಮಾಡುವ ಕುಂಬಾರಕೊಪ್ಪಲಿನ ತಿಮ್ಮಮ್ಮ ಇನ್ನೊಬ್ಬರು.

ಗಮಕ ಕಲಿತವರ ಕಷ್ಟ ನಿನಗೆ ಹೇಳಬೇಕಾಗಿಲ್ಲ. ಬರೀ ಓದಲು ನಮ್ಮ ಗಂಟಲು ಒಪ್ಪುವುದಿಲ್ಲ. ಚಂಪೂ ಕಾವ್ಯದ ಗದ್ಯವನ್ನೂ ರಾಗದಲ್ಲಿ ಓದಿದವಳು ನಾನು, ಬೈಬಲ್ಲಿನ ಹಳೆಯ ಕನ್ನಡವನ್ನು ಬಿಡುತ್ತೇನೆಯೇ? ಸಂದರ್ಭ ಏನು, ರಸ ಯಾವುದು ಎಂದು ನೋಡಿ ಮೊದಲೇ ರಾಗ ಎತ್ತಿಕೊಳ್ಳುವುದು, ಆಮೇಲೆ ಬಾಯಿ ತೆರೆಯುವುದು. ನನ್ನ ಗುರುಗಳು ಹಾಕಿಕೊಟ್ಟ ದಾರಿ ಅದು.

ಏನು ಬರೆದಿದ್ದಾನೆ ಅಂತೀಯ ರಂಜನಿ, ಆ ಮಹಾನುಭಾವ! ಯೋಹಾನ ಎಂದು ಅವನ ಹೆಸರು. ಯಾವುದೋ ದ್ವೀಪಕ್ಕೆ ಗಡೀಪಾರು ಮಾಡಿದ್ದರಂತೆ. ಒಬ್ಬನೇ ಸಮುದ್ರ ನೋಡಿಕೊಂಡು ಕೂತವನಿಗೆ ಆಕಾಶದಲ್ಲಿ ಬಾಗಿಲು ತೆರೆದು ಕಾಣುತ್ತದೆ. ಒಳಗೊಂದು ಸಿಂಹಾಸನ. ಅದರ ಸುತ್ತ ಪಚ್ಚೆ ಬಣ್ಣದ ಕಾಮನಬಿಲ್ಲು, ಮುಂದೆ ಗಾಜಿನಂಥ ಸಮುದ್ರ. ಸಿಂಹಾಸನದಿಂದ ಮಿಂಚು, ಗುಡುಗು. ಅವನು ಕೇಳಿದ ಧ್ವನಿ ಬಹಳ ನೀರು ಒಟ್ಟಿಗೆ ಬಿದ್ದ ಹಾಗಿತ್ತಂತೆ. ಕೃಷ್ಣರಾಜಸಾಗರದ ಗೇಟು ತೆಗೆದಾಗ ನಿನ್ನಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ನಿಲ್ಲಿಸಿದ್ದರಲ್ಲ, ಮಾತು ಕೇಳಿಸದೆ ಎದೆಯೊಳಗೇ ಸದ್ದಾಗುತ್ತಿತ್ತಲ್ಲ, ಆ ಸಾಲು ಓದುವಾಗ ನನಗೆ ಅದೇ ಆಯಿತು. ಅರಮನೆಯ ದಸರಾ ದರ್ಬಾರಿನ ಕತೆಗಳನ್ನು ಕೇಳಿ ಬೆಳೆದವಳು ನಾನು. ನನ್ನ ತಾತ ಆ ದರ್ಬಾರಿನಲ್ಲಿ ಪೇಟ ಸುತ್ತಿ ನಿಂತವರು. ಆದರೂ ಈ ಸಿಂಹಾಸನದ ಮುಂದೆ ನನ್ನ ಕೈ ತಾನಾಗಿ ಮುಗಿದುಕೊಂಡಿತು. ಧರ್ಮ ಬೇರೆ, ದೇವರು ಬೇರೆ ಎಂಬ ಲೆಕ್ಕ ಆಗ ತಲೆಗೆ ಬರಲಿಲ್ಲ.

ಸಿಂಹಾಸನದ ಸುತ್ತ ನಾಲ್ಕು ಜೀವಿಗಳಿವೆ. ಅವಕ್ಕೆ ಮೈತುಂಬ ಕಣ್ಣು, ಒಳಗಡೆಯೂ ಕಣ್ಣು. ತಿಮ್ಮಮ್ಮ ಬಿಡಿಸುತ್ತಿದ್ದ ಬೆಳ್ಳುಳ್ಳಿಯನ್ನು ಹಾಗೇ ಬಿಟ್ಟು, "ಅಯ್ಯೋ ಸಿವನೇ, ಒಳ್ಗೂ ಕಣ್ಣಾ? ಅಂಗಾರೆ ನಿದ್ದೆ ಎಂಗ್ ಮಾಡ್ತಾವವ್ವ?" ಅಂದಳು. ಟೀಚರ್ ನಕ್ಕು, ಅವು ಹಗಲೂ ರಾತ್ರಿ ನಿದ್ದೆ ಮಾಡುವುದಿಲ್ಲ ಎಂದೇ ಮುಂದೆ ಬರೆದಿದೆ ಅಂದರು. ನಾನು ನಗಲಿಲ್ಲ ಕಣೇ. ನೀನು ರಾತ್ರಿಯೆಲ್ಲ ಎದ್ದೇ ಕೂತಿರುತ್ತೀ ಎಂದು ಸುಪ್ರೀತ್ ಅವತ್ತು ಬೆಳಿಗ್ಗೆಯೇ ಫೋನ್ ಮಾಡಿದ್ದರು.

ಈಗ ನನ್ನ ಫಜೀತಿ ಕೇಳು. ಸಿಂಹಾಸನದಲ್ಲಿ ಕೂತವನ ಕೈಯಲ್ಲಿ ಒಂದು ಸುರುಳಿ ಇದೆ, ಅದಕ್ಕೆ ಏಳು ಮುದ್ರೆ. ಲೋಕದ ನ್ಯಾಯತೀರ್ಮಾನವೆಲ್ಲ ಆ ಸುರುಳಿಯಲ್ಲಿದೆ. ಅದನ್ನು ಬಿಚ್ಚುವ ಯೋಗ್ಯತೆ ಯಾರಿಗಿದೆ ಎಂದು ದೇವದೂತ ಕೂಗಿ ಕೇಳುತ್ತಾನೆ. ಮೇಲಿಲ್ಲ, ಕೆಳಗಿಲ್ಲ, ಎಲ್ಲೂ ಯಾರೂ ಇಲ್ಲ. ನೋಡುತ್ತಿದ್ದ ಯೋಹಾನ ಗೊಳೋ ಎಂದು ಅಳುತ್ತಾನೆ. ನ್ಯಾಯ ಹೇಳಲು ಯೋಗ್ಯರೇ ಇಲ್ಲವಲ್ಲ ಎಂದು ಒಬ್ಬ ಮನುಷ್ಯ ಅಳುವುದನ್ನು ನಾನು ಯಾವ ಕಾವ್ಯದಲ್ಲೂ ಓದಿಲ್ಲ. ಆಗ ಒಬ್ಬ ಹಿರಿಯ, ಅಳಬೇಡ, ಸಿಂಹ ಗೆದ್ದಿದೆ, ಅದು ಬಿಚ್ಚುತ್ತದೆ ಎನ್ನುತ್ತಾನೆ.

ಸಿಂಹ ಎಂದ ಮೇಲೆ ಕೇಳಬೇಕೇ? ಚಾಮುಂಡಿ ಬೆಟ್ಟದ ಕೆಳಗೆ ಹುಟ್ಟಿ ಬೆಳೆದವಳಿಗೆ ರೌದ್ರ ಯಾರೂ ಹೇಳಿಕೊಡಬೇಕಾಗಿಲ್ಲ. ಸೆರಗು ಸಿಕ್ಕಿಸಿಕೊಂಡು ಅಠಾಣ ರಾಗ ಎತ್ತಿಕೊಂಡೆ. ಮೇಲಿನ ಷಡ್ಜದಲ್ಲಿ ನಿಂತು ಎಂಥ ಗರ್ಜನೆ ಅಂತೀಯ, ಪಕ್ಕದ ಮನೆಯ ನಾಯಿ ಎದ್ದು ಬೊಗಳಿತು. ಅದೇ ಬಿಗಿಯಲ್ಲಿ ಮುಂದಿನ ಸಾಲಿಗೆ ಹಾರಿದೆ. ಯೋಹಾನ ತಿರುಗಿ ನೋಡುತ್ತಾನೆ, ಅಲ್ಲಿ ಸಿಂಹ ಇಲ್ಲ. ಒಂದು ಕುರಿಮರಿ ನಿಂತಿದೆ. ಅದೂ ಕೊಯ್ಯಲ್ಪಟ್ಟದ್ದು, ಗಾಯ ಇದೆ.

ನನ್ನ ಅಠಾಣ ಗಂಟಲಲ್ಲೇ ಸಿಕ್ಕಿಕೊಂಡಿತು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರಲ್ಲ, ಹಾಗಾಯಿತು. ಇಷ್ಟು ವರ್ಷದ ವಾಚನದಲ್ಲಿ ನಾನು ಸಾಲಿನ ನಡುವೆ ನಿಲ್ಲಿಸಿದ್ದು ಅದೇ ಮೊದಲು. ಟೀಚರ್ ನನ್ನ ಕಡೆಗೆ ಮುಖ ತಿರುಗಿಸಿ, "ಎಲ್ಲರೂ ಅಲ್ಲೇ ಎಡವೋದು ಕಣಮ್ಮ. ಎರಡು ಸಾವಿರ ವರ್ಷದಿಂದ ಓದ್ತಾ ಇದೀವಿ, ನಾವೂ ಸಿಂಹದ ರಾಗವನ್ನೇ ಹಾಡ್ತಾ ಇದೀವಿ" ಅಂದರು. ಆ ಕುರಿಮರಿ ಯಾರು ಎಂದು ಅವರೇ ಬಿಡಿಸಿ ಹೇಳಿದರು. ಅವರ ಏಸುಸ್ವಾಮಿಯೇ. ತಪ್ಪು ತೀರ್ಪಿನಿಂದ ಮರಣದಂಡನೆ ಅನುಭವಿಸಿದವನೇ ಕೊನೆಯಲ್ಲಿ ತೀರ್ಪಿನ ಸುರುಳಿ ಬಿಚ್ಚುತ್ತಾನೆ, ಗಾಯವನ್ನು ಮುಚ್ಚಿಕೊಳ್ಳದೆ ಬಿಚ್ಚುತ್ತಾನೆ. ಇಂಥದ್ದನ್ನು ಬರೆದವನಿಗೆ ಎಷ್ಟು ಸಲ ಕೈಮುಗಿದರೂ ಸಾಲದು ಅನ್ನಿಸಿತು. ಮನೆಗೆ ಬಂದು ಹಾಲು ಉಕ್ಕಿಸಿದೆ, ಅಷ್ಟು ಅದರಲ್ಲೇ ಇದ್ದೆ.

ಮಾರನೆಯ ದಿನ ಮುಖಾರಿಯಲ್ಲಿ ಓದಿ ನೋಡಿದೆ. ಅಳು ತುಂಬಿಕೊಂಡಿತು, ಆದರೆ ಟೀಚರ್ ತಲೆಯಾಡಿಸಿದರು. ಅದು ಸತ್ತು ಬಿದ್ದಿಲ್ಲವಲ್ಲ ರಮಾ, ಎದ್ದು ನಿಂತಿದೆಯಲ್ಲ ಅಂದರು. ಇನ್ನೂ ಏನೇನೋ ಹುಡುಕಿದೆ, ಯಾವುದೂ ಕೂರಲಿಲ್ಲ. ಕೊನೆಗೆ ರಾಗವನ್ನೇ ಬಿಟ್ಟು, ನಿನಗೆ ಹೇಳುವ ಹಾಗೆ ಸುಮ್ಮನೆ ಓದಿದೆ. ಆಗ ಸರಿಹೋಯಿತು.

ಇದನ್ನೆಲ್ಲ ಓದಿ ನೀನು, ಅಮ್ಮ ಜಾಣತನದಿಂದ ನನಗೆ ಕನಿಕರದ ಪಾಠ ಹೇಳುತ್ತಿದ್ದಾಳೆ ಅಂದುಕೊಳ್ಳಬಹುದು. ಪೂರ್ತಿ ಕೇಳು. ಆಮೇಲಿನ ಒಂದು ಭಾಗದಲ್ಲಿ ಅನ್ಯಾಯವಾಗಿ ಸತ್ತವರ ಆತ್ಮಗಳು ಯಜ್ಞವೇದಿಯ ಕೆಳಗಿಂದ ಕೂಗುತ್ತವೆ. ಇನ್ನೂ ಎಷ್ಟು ಕಾಲ ನ್ಯಾಯ ತೀರಿಸದೆ ಇರುತ್ತೀ ಎಂದು ದೇವರನ್ನೇ ಕೇಳುತ್ತವೆ. ದೇವರು ಅವುಗಳನ್ನು ಗದರುವುದಿಲ್ಲ, ಒಬ್ಬೊಬ್ಬರಿಗೂ ಬಿಳಿ ಬಟ್ಟೆ ಕೊಟ್ಟು ಇನ್ನು ಸ್ವಲ್ಪ ತಾಳಿ ಎನ್ನುತ್ತಾನೆ. ಆ ಜಾಗ ಬಂದಾಗ ತಿಮ್ಮಮ್ಮ ಕೆಲಸ ಬಿಟ್ಟು ನನ್ನ ಕಾಲ ಹತ್ತಿರವೇ ಬಂದು ಕೂತಳು. ಅವಳ ತಮ್ಮನನ್ನು ಲಾರಿ ಹೊಡೆದು ಹೋದದ್ದು ನಿನಗೆ ಗೊತ್ತೇ ಇದೆ, ಯಾರೆಂದು ಇವತ್ತಿಗೂ ಗೊತ್ತಿಲ್ಲ. "ಆ ದಿನ ಬರ್ಲಿ ಕಣವ್ವ, ಬ್ಯಾಗ ಬರ್ಲಿ. ನಂಗ್ಯಾಕೆ ಬಯ, ನಾ ಕಾಯ್ತಾ ಕುಂತಿವ್ನಿ" ಅಂದಳು. ನ್ಯಾಯತೀರ್ಪಿನ ದಿನ ಎಂದರೆ ಹೆದರುವ ದಿನ ಎಂದಷ್ಟೇ ನಾನು ತಿಳಿದಿದ್ದೆ. ಅದಕ್ಕಾಗಿ ದಾರಿ ಕಾಯುವವರಿದ್ದಾರೆ ಎಂದು ನನಗೆ ಹೊಳೆದೇ ಇರಲಿಲ್ಲ. ನಿನ್ನ ಕೋರ್ಟಿನಲ್ಲೂ ಒಬ್ಬ ತಾಯಿ ಕಾಯುತ್ತಾ ಕೂತಿದ್ದಾಳೆ. ಕಟಕಟೆಯಲ್ಲಿ ಇರುವವನು ಅವಳ ಒಡಹುಟ್ಟಿದವನು. ಅವಳಿಗೆ ಏನು ಬೇಕೋ, ಅದು ಅವಳಿಗಾದರೂ ತಿಳಿದಿದೆಯೋ ಇಲ್ಲವೋ. ಅದಕ್ಕೇ ಪುಟ್ಟಿ, ನಾನು ನಿನಗೆ ಹೀಗೆ ಮಾಡು ಹಾಗೆ ಮಾಡು ಎಂದು ಹೇಳುವುದಿಲ್ಲ. ನನಗೆ ಗೊತ್ತಿಲ್ಲ.

ನನಗಿರುವ ಭಯ ಒಂದೇ, ಹೇಳಿಬಿಡುತ್ತೇನೆ. ನೀನು ಪರೀಕ್ಷೆ ಪಾಸು ಮಾಡಿ ಜಡ್ಜಾದ ದಿನ ನಿನ್ನಪ್ಪ ತಮ್ಮ ಶಾಯಿ ಪೆನ್ನನ್ನು ನಿನ್ನ ಕೈಯಲ್ಲಿ ಇಟ್ಟರು. ಕಾಲೇಜಿನಲ್ಲಿ ಇದ್ದಷ್ಟು ಕಾಲ ಉತ್ತರಪತ್ರಿಕೆ ತಿದ್ದಿದ ಪೆನ್ನು. ಆಗ ನೀನು ನಗುತ್ತಾ, ಮರಣದಂಡನೆಗೆ ಸಹಿ ಹಾಕಿದರೆ ಆ ಪೆನ್ನಿನ ನಿಬ್ಬು ಮುರಿಯುವ ಪದ್ಧತಿ ಇದೆ, ಅದು ಮತ್ತೆ ಏನನ್ನೂ ಬರೆಯಬಾರದಂತೆ ಎಂದು ಹೇಳಿದೆ. ಅವರ ಮುಖ ಸಣ್ಣಗಾಯಿತು. ಅಂಥ ದಿನ ಬಂದರೆ ಯಾವುದಾದರೂ ಬಾಲ್‌ಪೆನ್ನು ತಗೋ ತಾಯಿ, ಇದನ್ನು ಬೇಡ ಅಂದರು. ನೀನು ಥಟ್ಟನೆ, "ಅಂಥಾ ದಿನಕ್ಕೇ ಅಪ್ಪ ಒಳ್ಳೇ ಪೆನ್ನು ಬೇಕಾಗೋದು" ಅಂದೆ. ಅವರು ಅವತ್ತು ಸಂಜೆ ನನ್ನ ಹತ್ತಿರ, ನಮ್ಮ ಮಗಳು ನನಗಿಂತ ದೊಡ್ಡವಳಾದಳು ಕಣೇ ರಮಾ ಅಂದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನು ಹಾಸ್ಯ ಮಾಡಿದೆ. ನಿಜವಾಗಿ ನನಗೂ ಹಾಗೇ ಅನ್ನಿಸಿತ್ತು. ಈಗ ಅವರಿಲ್ಲ, ಪೆನ್ನು ನಿನ್ನ ಮೇಜಿನ ಮೇಲಿದೆ. ಮಂಗಳವಾರ ನೀನು ಅದನ್ನು ಮುರಿದರೆ ಮುರಿಯುವುದು ಬರೀ ನಿಬ್ಬಲ್ಲ ಎಂದು ನನ್ನ ಕರುಳಿಗೆ ಗೊತ್ತು. ಕೊಂದವನ ಚಿಂತೆಗಿಂತ ನನ್ನ ಚಿಂತೆ ನನ್ನ ಮಗಳದ್ದು. ಸ್ವಾರ್ಥ ಅನ್ನು, ಪರವಾಗಿಲ್ಲ.

ಏಳನೆಯ ಮುದ್ರೆ ಬಿಚ್ಚಿದಾಗ ಏನಾಗುತ್ತದೆ ಗೊತ್ತೇ? ಸಿಡಿಲು ಬೀಳುತ್ತದೆ ಎಂದು ನಾನೂ ತಿಮ್ಮಮ್ಮನೂ ಕಿವಿ ಮುಚ್ಚಿಕೊಳ್ಳಲು ತಯಾರಾಗಿದ್ದೆವು. ಏನೂ ಇಲ್ಲ. ಸ್ವರ್ಗದಲ್ಲಿ ಅರ್ಧ ಗಂಟೆ ಹೊತ್ತು ಮೌನ. ಎಲ್ಲ ಹಾಡು, ಎಲ್ಲ ಗುಡುಗು ನಿಂತುಹೋಗುತ್ತದೆ. ಶಿಕ್ಷೆಗೆ ಮೊದಲು ದೇವರಿಗೂ ಅಷ್ಟು ಹೊತ್ತು ಬೇಕಾಯಿತು! ಟೀಚರ್ ನನ್ನನ್ನು ಓದು ನಿಲ್ಲಿಸಲು ಹೇಳಿ, ಮೂವರೂ ಸುಮ್ಮನೆ ಕೂತುಕೊಳ್ಳೋಣ ಅಂದರು. ಕೂತೆವು. ರಸ್ತೆಯಲ್ಲಿ ಸೊಪ್ಪಿನವನು ಕೂಗಿಕೊಂಡು ಹೋದ. ತಿಮ್ಮಮ್ಮನಿಗೆ ತೂಕಡಿಕೆ ಬಂತು. ನಾನು ನಿನ್ನನ್ನೇ ನೆನೆಸಿಕೊಂಡು ಕೂತಿದ್ದೆ. ನೀನು ತಟ್ಟೆಯ ಮುಂದೆ ಮಾತಿಲ್ಲದೆ ಕೂರುವುದು ಇಂಥದ್ದೇ ಮೌನ ಇರಬೇಕು ಅನ್ನಿಸಿ, ಅವತ್ತಿನಿಂದ ನಿನ್ನ ಮೇಲಿನ ಸಿಟ್ಟು ಇಳಿಯಿತು. ಆದರೆ ಅನ್ನ ತಿನ್ನಬೇಕು, ಆ ಮಾತು ಬೇರೆ.

ಈವತ್ತು ಮುಗಿಸಿದೆ. ಕೊನೆಗೆ ಒಂದು ದೊಡ್ಡ ಬಿಳಿ ಸಿಂಹಾಸನ. ಕೂತವನ ಮುಖ ಕಂಡು ಭೂಮಿ, ಆಕಾಶ ಎರಡೂ ಓಡಿಹೋಗುತ್ತವೆ, ನಿಲ್ಲಲು ಜಾಗವೇ ಸಿಗುವುದಿಲ್ಲ. ಸಮುದ್ರ ತನ್ನಲ್ಲಿದ್ದ ಸತ್ತವರನ್ನು ತಂದೊಪ್ಪಿಸುತ್ತದೆ. ದೊಡ್ಡವರು, ಚಿಕ್ಕವರು ಎಲ್ಲರೂ ಎದುರು ನಿಲ್ಲಬೇಕು. ಅದಾದ ಮೇಲೆ ಹೊಸ ಆಕಾಶ, ಹೊಸ ಭೂಮಿ, ಹಗಲಲ್ಲಿ ಬಾಗಿಲು ಹಾಕದ ಊರು. ನಮ್ಮ ವಿಜಯನಗರದಲ್ಲಿ ಗ್ರಿಲ್ಲಿಗೆ ಎರಡೆರಡು ಬೀಗ ಜಡಿಯುವವರು ಓದಬೇಕು ಅದನ್ನು. ಆ ಊರಿನಲ್ಲಿ ಅಷ್ಟು ಭಯಂಕರವಾದ ನ್ಯಾಯಾಧಿಪತಿ ಮಾಡುವ ಮೊದಲ ಕೆಲಸ ಏನೆಂದರೆ, ಒಬ್ಬೊಬ್ಬರ ಕಣ್ಣೀರು ಒರೆಸುತ್ತಾನೆ. ಅಷ್ಟು ಸಾವಿರ ದೂತರಿದ್ದಾರೆ, ಯಾರನ್ನಾದರೂ ಕಳಿಸಬಹುದಿತ್ತು. ಕಳಿಸುವುದಿಲ್ಲ, ತಾನೇ ಬರುತ್ತಾನೆ. ಕಣ್ಣೀರು ಒರೆಸಬೇಕಾದರೆ ಕೈಗೆಟಕುವಷ್ಟು ಹತ್ತಿರ ಬರಬೇಕಲ್ಲ, ದೂರ ಕೂತು ಆಗುವ ಕೆಲಸವಲ್ಲ ಅದು. ಆ ಸಾಲನ್ನು ನೀಲಾಂಬರಿಯಲ್ಲಿ ಓದಿದೆ. ನಿನ್ನನ್ನು ತೊಟ್ಟಿಲಲ್ಲಿ ತೂಗುವಾಗ ಹಾಡುತ್ತಿದ್ದ ರಾಗ. ಟೀಚರ್ ಕಾಣದ ಕಣ್ಣು ಒರೆಸಿಕೊಂಡು, "ಇದು ಕೂತಿತು ನೋಡು" ಅಂದರು.

ನಾಳೆ ಆಷಾಢ ಶುಕ್ರವಾರ. ಬೆಟ್ಟಕ್ಕೆ ಹೋಗಲು ಮಂಡಿ ಬಿಡುವುದಿಲ್ಲ, ಇಲ್ಲಿಂದಲೇ ನಿನ್ನ ಹೆಸರು ಹೇಳಿ ಕೈಮುಗಿಯುತ್ತೇನೆ. ಹಾಂ, ಮೊನ್ನೆ ಸೋಮವಾರ ದೇವರಾಜ ಮಾರುಕಟ್ಟೆಯ ಕಡೆ ಒಂದು ಸಣ್ಣ ಕೆಲಸವಿತ್ತು, ಹೋಗಿದ್ದೆ. ಏನು ಎಂದು ಕೇಳಬೇಡ. ಮಂಡಿನೋವಿಟ್ಟುಕೊಂಡು ಯಾಕೆ ಹೋದೆ ಎಂದೂ ಬೈಯಬೇಡ.

ಊಟ ಮಾಡು. ಬಿಸಿ ಅನ್ನಕ್ಕೆ ತುಪ್ಪ ಹಾಕಿಕೋ.

ನೀನು ಯಾವ ಕುರ್ಚಿಯಲ್ಲಿ ಕೂತರೂ ನಿನಗೆ ತಲೆ ಬಾಚಿದ್ದ,
ನಿನ್ನ ಅಮ್ಮ
ರಮಾಮಣಿ

ಮಂಗಳವಾರ ಸಂಜೆ, ಕೆಳಗೆ ಉಳಿದ ಜಾಗದಲ್ಲಿ:

ಈಗ ತಾನೇ ನಿನ್ನ ಫೋನು ಬಂತು. "ಅಮ್ಮಾ, ಅಪ್ಪನ ಪೆನ್ನಿನ ನಿಬ್ಬು ಮುರಿದೆ" ಅಂದೆ, ಅಷ್ಟೇ. ನನಗೆ ಅರ್ಥವಾಯಿತು. ಊಟ ಆಯಿತಾ ಎಂದು ಕೇಳಿದೆ. ಇಷ್ಟು ದಿನದಲ್ಲಿ ಮೊದಲ ಸಲ ನೀನು ನಿಜ ಹೇಳಿದೆ, ಇಲ್ಲಮ್ಮ ಅಂದೆ. ಆಮೇಲೆ ನೀನು ಅತ್ತದ್ದು ನನಗೆ ಕೇಳಿಸಿತು.

ಟೀಚರಿಗೆ ಹೋಗಿ ಹೇಳಿದೆ. ಇಬ್ಬರಿಗಾಗಿಯೂ ಪ್ರಾರ್ಥನೆ ಮಾಡುತ್ತೇನೆ ಅಂದರು. ನಿನಗೂ, ಅವನಿಗೂ. ತಿಮ್ಮಮ್ಮ ಮಾತ್ರ, "ಆ ತಾಯ್ಗೆ ಇವತ್ತಾದ್ರೂ ಒಂದ್ ತುತ್ತು ಒಳಕ್ಕಿಳೀತದೇನೋ ಕಣವ್ವ" ಅಂದಳು. ನಾನು ಬೇರೆ ತೀರ್ಪನ್ನು ಆಶಿಸಿದ್ದೆ ರಂಜನಿ, ಸುಳ್ಳು ಹೇಳಲಾರೆ. ಆದರೆ ಆ ಕಡತಗಳನ್ನು ಓದಿದವಳು ನೀನು, ಆ ಮಕ್ಕಳ ಫೋಟೋ ನೋಡಿದವಳು ನೀನು. ಬಾಲ್‌ಪೆನ್ನಿನ ಹಿಂದೆ ಅಡಗಿಕೊಳ್ಳದೆ ಅಪ್ಪನ ಪೆನ್ನಿನಲ್ಲೇ ಸಹಿ ಹಾಕಿದವಳೂ ನೀನು. ಹೈಕೋರ್ಟು ಖಾಯಂ ಮಾಡುವವರೆಗೆ ಅದು ಕೊನೆಯ ಮಾತಲ್ಲ ಎಂದು ಸುಪ್ರೀತ್ ಹೇಳಿದರು. ಅವರ ಮೇಲೂ ಒಬ್ಬ ಓದುವವನಿದ್ದಾನೆ.

ಆ ಮುಖ ಕಂಡು ಭೂಮಿ, ಆಕಾಶ ಓಡಿಹೋದವು ಎಂದು ಮೇಲೆ ಬರೆದೆನಲ್ಲ. ನಿನ್ನ ಮುಖ ಕಂಡು ನಾನು ಓಡುವುದಿಲ್ಲ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ನಾಳೆ ಮೊದಲ ಬಸ್ಸಿಗೆ ನಾನೇ ತರುತ್ತಿದ್ದೇನೆ. ಊಟ ಮಾಡಿದ ಮೇಲೆ ಕೊಡುತ್ತೇನೆ, ಮೊದಲಲ್ಲ.

ಲಕೋಟೆಯಲ್ಲಿ ಹತ್ತಿಯಲ್ಲಿ ಸುತ್ತಿದ ಒಂದು ಪುಟ್ಟ ಸಾಮಾನಿದೆ, ಹುಷಾರಾಗಿ ಬಿಚ್ಚು. ಹೊಸ ನಿಬ್ಬು. ಅಪ್ಪನ ಪೆನ್ನಿಗೆ ಸರಿಯಾಗಿ ಕೂರುತ್ತದೆ ಎಂದು ಅಂಗಡಿಯವನು ಹೇಳಿದ್ದಾನೆ. ನಾಡಿದ್ದು ನೀನು ಮತ್ತೆ ಕೋರ್ಟಿಗೆ ಹೋಗಬೇಕಲ್ಲ, ಮತ್ತೆ ಬರೆಯಬೇಕಲ್ಲ. ಇದನ್ನು ಈವತ್ತು ಕೊಂಡದ್ದಲ್ಲ ಪುಟ್ಟಿ. ದೇವರಾಜ ಮಾರುಕಟ್ಟೆಯ ಕಡೆ ಹೋಗಿದ್ದೆ ಅಂದೆನಲ್ಲ, ಆ ಸೋಮವಾರ ಕೊಂಡದ್ದು. ನೀನು ಏನು ಬರೆಯುತ್ತೀ ಎಂದು ನಿನಗೇ ಇನ್ನೂ ಗೊತ್ತಿಲ್ಲದಿದ್ದಾಗ.